ಒಪ್ಪದವರ ಮಾತಿಗೂ ಒಂದು ಪುಟ

ದಿಲ್ಲಿಯಲ್ಲಿ ನೆಲೆನಿಂತ ಕನ್ನಡ ನಾಡಿನವರೆಂದರೆ ನಮಗೆ ಸಾಹಿತಿಗಳು, ಸಂಗೀತಗಾರರು ನೆನಪಾಗುತ್ತಾರೆ. ನಾನು ಇಲ್ಲಿ ನಮ್ಮ ನಾಡಿನ ನಂಟಿದ್ದ ಇಬ್ಬರು ಅರ್ಥಶಾಸ್ತ್ರಜ್ಞರನ್ನು ನೆನೆಯುತ್ತೇನೆ.

ಒಬ್ಬರು ಬೆಳ್ಳಿಕೋತ್ ರಘುನಾಥ ಶೆಣೈ. ಅವರ ಹುಟ್ಟೂರು ಬೆಳ್ಳಿಕೋತ್ ಆಗ ದಕ್ಷಿಣ ಕನ್ನಡದಲ್ಲಿತ್ತು, ಈಗ ಕಾಸರಗೋಡು ಜಿಲ್ಲೆಯಲ್ಲಿದೆ. ಲಂಡನ್ನಿನಲ್ಲಿ ಹಯೆಕ್ ಅವರ ಉಪನ್ಯಾಸ ಕೇಳಿ ಬಂದ ಅವರು ಮುಕ್ತ ಮಾರುಕಟ್ಟೆಯನ್ನು ನಂಬಿದವರು. ಇನ್ನೊಬ್ಬರು ವಿ.ಕೆ.ಆರ್.ವಿ. ರಾವ್. ಕೇಂಬ್ರಿಜ್‌ನಲ್ಲಿ ಕೇನ್ಸ್ ಅವರ ಶಿಷ್ಯರು, ಸರ್ಕಾರಿ ಯೋಜನೆಯನ್ನು ನಂಬಿದವರು. 1949ರಲ್ಲಿ ದಿಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್, 1972ರಲ್ಲಿ ಬೆಂಗಳೂರಿನ ಐಸೆಕ್ ಸಂಸ್ಥೆ ಕಟ್ಟಿದರು. ಬಳ್ಳಾರಿಯಿಂದ ಲೋಕಸಭೆಗೂ ಗೆದ್ದರು.

1955ರಲ್ಲಿ ಎರಡನೆಯ ಪಂಚವಾರ್ಷಿಕ ಯೋಜನೆಗೆ ಸಲಹೆ ಕೊಡಲು ಅರ್ಥಶಾಸ್ತ್ರಜ್ಞರ ಮಂಡಳಿ ಕೂತಿತು. ಅಧ್ಯಕ್ಷರು ಹಣಕಾಸು ಸಚಿವ ಸಿ.ಡಿ. ದೇಶಮುಖ್. ರಾವ್, ಶೆಣೈ ಇಬ್ಬರೂ ಸದಸ್ಯರು. ಉಳಿದವರೆಲ್ಲ ಯೋಜನೆಯ ಚೌಕಟ್ಟನ್ನು ಒಪ್ಪಿದರು. ಶೆಣೈ ಒಬ್ಬರೇ ಒಪ್ಪಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಉಳಿತಾಯಕ್ಕೆ ಮೀರಿ ನೋಟು ಅಚ್ಚು ಹಾಕಿದರೆ ಬೆಲೆ ಏರುತ್ತದೆ ಎಂಬುದು ಅವರ ವಾದದ ತಿರುಳು. ಅದನ್ನು ಭಿನ್ನಮತದ ಟಿಪ್ಪಣಿಯಾಗಿ ಬರೆದುಕೊಟ್ಟರು. ಯೋಜನಾ ಆಯೋಗ ಅದನ್ನೂ ಉಳಿದ ವರದಿಗಳ ಜೊತೆಗೇ ಅಚ್ಚು ಮಾಡಿತು.

ಅಚ್ಚೇನೋ ಆಯಿತು, ಆದರೆ ಆ ಮಾತು ನಡೆಯಲಿಲ್ಲ. 4,800 ಕೋಟಿ ರೂಪಾಯಿಯ ಯೋಜನೆಯಲ್ಲಿ 1,200 ಕೋಟಿ ಕೊರತೆ ಹಣಕಾಸಿಗೇ ಮೀಸಲಾಯಿತು. 1957ರ ಹೊತ್ತಿಗೆ ವಿದೇಶಿ ವಿನಿಮಯದ ಬಿಕ್ಕಟ್ಟು ಬಂತು. ಭಿಲಾಯಿ, ರೂರ್ಕೆಲಾ, ದುರ್ಗಾಪುರದ ಉಕ್ಕಿನ ಕಾರ್ಖಾನೆಗಳು ಎದ್ದು ನಿಂತದ್ದೂ ಅದೇ ಯೋಜನೆಯಲ್ಲಿ. ಮನೆ ನಡೆಸುವ ನಮಗೆ ಎರಡೂ ಗೊತ್ತು: ಸಾಲ ಮಾಡಿ ಕೊಂಡ ಹಸು ಹಾಲೂ ಕೊಡುತ್ತದೆ, ಬಡ್ಡಿಯನ್ನೂ ಕಟ್ಟಿಸುತ್ತದೆ.

ಎರಡು ಪಕ್ಷದವರೂ ನಾವು ಅಂದುಕೊಂಡಷ್ಟು ದೂರ ಇರಲಿಲ್ಲ ಎನ್ನುವುದೇ ನನಗೆ ಹಿಡಿಸಿದ್ದು. ಗುರು ಕೇನ್ಸ್ ಅವರ ಗುಣಕ ಸಿದ್ಧಾಂತ ಭಾರತದಂಥ ಬಡ ದೇಶದಲ್ಲಿ ಹಾಗೆಯೇ ಫಲಿಸದು ಎಂದು ರಾವ್ 1952ರಲ್ಲೇ ಬರೆದಿದ್ದರು. ಹಣೆಪಟ್ಟಿ ನೋಡಿ ಪುಟ ಮುಚ್ಚಿದರೆ ಇಂಥವು ಕಣ್ಣಿಗೆ ಬೀಳುವುದಿಲ್ಲ.

ಗೆಳತಿಯರೇ, ಗ್ರೇಟರ್ ನೋಯ್ಡಾದ ನಮ್ಮ ಸೊಸೈಟಿಗಳಲ್ಲಿ ಬಜೆಟ್ ಬಂದ ದಿನ ವಾದ ಮಾಡಿ, ವಾಟ್ಸಾಪ್ ಗುಂಪನ್ನೂ ವರ್ಷಗಳ ಸ್ನೇಹವನ್ನೂ ಬಿಟ್ಟು ಹೋದವರನ್ನು ನಾನು ಬಲ್ಲೆ. ಅದಕ್ಕೇ ಒಂದು ಕೋರಿಕೆ. ನಮ್ಮ ಸಭೆಯ ನಡಾವಳಿ ಪುಸ್ತಕದಲ್ಲಿ ಇನ್ನು ಮುಂದೆ ನಿರ್ಣಯದ ಕೆಳಗೆ, ಒಪ್ಪದವರ ಮಾತಿಗೂ ಅರ್ಧ ಪುಟ ಬಿಡೋಣ. ಬರೆದಿಟ್ಟರೆ ಸಾಲದು, ಮುಂದಿನ ಸಭೆಯಲ್ಲಿ ಮೊದಲು ಅದನ್ನೇ ಓದೋಣ.