ಹಳ್ಳಿಯ ಮನೆಗೆ ಸಾರ್ವಜನಿಕ ನೀರು: ನಲ್ಲಿ ಸಂಪರ್ಕ ಪಡೆಯುವ ಬಗೆ

ಬೆಂಗಳೂರು: ನಗರದಲ್ಲಿ ನೌಕರಿ, ಹಳ್ಳಿಯಲ್ಲಿ ಹಿರಿಯರ ಮನೆ. ರಾಜ್ಯದ ಅಸಂಖ್ಯ ಕುಟುಂಬಗಳ ಸ್ಥಿತಿ ಇದು. ಬೇಸಿಗೆಯಲ್ಲಿ ಹಿತ್ತಲಿನ ಕೊಳವೆ ಬಾವಿ ಬತ್ತಿದಾಗ ಊರಿನಲ್ಲಿರುವ ವೃದ್ಧ ತಂದೆ ತಾಯಿಯರು ಟ್ಯಾಂಕರ್‌ಗಾಗಿ ದಾರಿ ಕಾಯಬೇಕಾಗುತ್ತದೆ. ಪಂಚಾಯಿತಿಯ ಪೈಪು ಕೂಗಳತೆಯ ದೂರದಲ್ಲೇ ಹಾದುಹೋಗಿದ್ದರೂ ಮನೆಗೆ ನಲ್ಲಿ ಬಂದಿರುವುದಿಲ್ಲ. ಎಷ್ಟೋ ಬಾರಿ ಅಡಚಣೆ ಇರುವುದು ಕಾಗದದಲ್ಲಿ. ಮನೆ ಪಂಚಾಯಿತಿಯ ಆಸ್ತಿ ಪಟ್ಟಿಯಲ್ಲಿ ಸೇರಿರುವುದಿಲ್ಲ. ಇಲ್ಲವೇ ಗ್ರಾಮದ ನೀರಿನ ಯೋಜನೆ ಸಿದ್ಧವಾದಾಗ ಲೆಕ್ಕಕ್ಕೆ ಬಂದಿರುವುದಿಲ್ಲ. ಸಂಪರ್ಕ ಬಯಸುವವರು ಮೊದಲು ಸರಿಪಡಿಸಿಕೊಳ್ಳಬೇಕಾದ ಸಂಗತಿಗಳು ಇವೆರಡೇ.

ಕೈಪಂಪಿನಿಂದ ನಲ್ಲಿಯವರೆಗೆ

ಕರ್ನಾಟಕದ ಹಳ್ಳಿಗಳಿಗೆ ಕುಡಿಯುವ ನೀರು ಒದಗಿಸುವ ಕಾರ್ಯಕ್ಕೆ ದೊಡ್ಡ ವೇಗ ದೊರೆತದ್ದು 1980ರ ದಶಕದಲ್ಲಿ. ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಊರೂರಿನಲ್ಲಿ ಕೊಳವೆ ಬಾವಿ ಕೊರೆಸಿ 'ನೀರ್ ಸಾಬ್' ಎಂದೇ ಜನಮನದಲ್ಲಿ ಉಳಿದರು. ಕೈಪಂಪಿನ ಬಳಿಕ ತೊಂಬೆ, ಬೀದಿ ನಲ್ಲಿಗಳು ಬಂದವು. ಮನೆಯೊಳಗಿನ ನಲ್ಲಿ ಮಾತ್ರ ಬಹುಕಾಲ ಕೆಲವರ ಪಾಲಿನ ಸೌಲಭ್ಯವಾಗಿಯೇ ಉಳಿದಿತ್ತು.

ಕೇಂದ್ರ ಸರ್ಕಾರ 2019ರ ಆಗಸ್ಟ್ 15ರಂದು ಘೋಷಿಸಿದ ಜಲ ಜೀವನ್ ಮಿಷನ್ ಈ ಚಿತ್ರವನ್ನು ಬದಲಿಸಿತು. ಪ್ರತಿ ಗ್ರಾಮೀಣ ಕುಟುಂಬಕ್ಕೂ ನಲ್ಲಿ ಸಂಪರ್ಕ, ತಲಾ ದಿನಕ್ಕೆ 55 ಲೀಟರ್ ಶುದ್ಧ ನೀರು ಎಂಬುದು ಅದರ ಗುರಿ. ಕರ್ನಾಟಕದಲ್ಲಿ ಇದು 'ಮನೆ ಮನೆಗೆ ಗಂಗೆ' ಎಂಬ ಹೆಸರಿನಲ್ಲಿ ಜಾರಿಗೆ ಬಂದಿತು. ಮಿಷನ್ ಆರಂಭವಾದಾಗ ರಾಜ್ಯದ ಸುಮಾರು 1 ಕೋಟಿ ಗ್ರಾಮೀಣ ಕುಟುಂಬಗಳ ಪೈಕಿ ನಲ್ಲಿ ಇದ್ದದ್ದು ಸುಮಾರು 24.5 ಲಕ್ಷ ಮನೆಗಳಿಗೆ. 2025ರ ವೇಳೆಗೆ ಐದರಲ್ಲಿ ನಾಲ್ಕಕ್ಕೂ ಹೆಚ್ಚು ಮನೆಗಳಿಗೆ ಸಂಪರ್ಕ ದೊರೆತಿತ್ತು. 2024ಕ್ಕೆ ಮುಗಿಯಬೇಕಿದ್ದ ಮಿಷನ್ನನ್ನು 2028ರವರೆಗೆ ವಿಸ್ತರಿಸುವುದಾಗಿ 2025ರ ಕೇಂದ್ರ ಬಜೆಟ್‌ನಲ್ಲಿ ಪ್ರಕಟಿಸಲಾಯಿತು.

ಯಾರ ಬಳಿ ಕೇಳಬೇಕು?

ಆಸ್ತಿ ಯಾವ ಸ್ಥಳೀಯ ಸಂಸ್ಥೆಯ ವ್ಯಾಪ್ತಿಗೆ ಸೇರಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಸಂವಿಧಾನದ 11ನೇ ಅನುಸೂಚಿಯು ಕುಡಿಯುವ ನೀರನ್ನು ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಸೇರಿಸಿದೆ. ರಾಜ್ಯದ ಪಂಚಾಯತ್ ರಾಜ್ ಕಾಯ್ದೆ (1993) ಪ್ರಕಾರ ನೀರು ಸರಬರಾಜು ಗ್ರಾಮ ಪಂಚಾಯಿತಿಯ ಹೊಣೆ. ಯೋಜನೆ ರೂಪಿಸಿ ಕಾಮಗಾರಿ ನಡೆಸುವುದು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ. ಊರಿನೊಳಗಿನ ವಿತರಣೆ, ದುರಸ್ತಿ, ಕರ ವಸೂಲಿ ಪಂಚಾಯಿತಿಯ ಕೆಲಸ.

ನಗರದ ಅಂಚಿನ ಹಳ್ಳಿಗಳಲ್ಲಿ ಈ ವ್ಯಾಪ್ತಿಯೇ ಬದಲಾಗಿರಬಹುದು. ಬೆಂಗಳೂರು ಸುತ್ತಲಿನ 110 ಹಳ್ಳಿಗಳು 2007ರಲ್ಲಿ ಪಾಲಿಕೆಗೆ ಸೇರಿದವು. ಅವುಗಳಿಗೆಂದು ರೂಪಿಸಿದ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ 5ನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಅಲ್ಲಿನ ಸಂಪರ್ಕಕ್ಕೆ ಅರ್ಜಿ ಸಲ್ಲಿಸಬೇಕಾದದ್ದು ಜಲಮಂಡಳಿಗೆ. ಪಟ್ಟಣ ಪಂಚಾಯಿತಿ ಅಥವಾ ಪುರಸಭೆಗೆ ಸೇರಿದ ಊರುಗಳಿಗೂ ಗ್ರಾಮೀಣ ಯೋಜನೆ ಅನ್ವಯಿಸುವುದಿಲ್ಲ.

ದಾಖಲೆಗಳು ಹೇಗಿರಬೇಕು?

ಗ್ರಾಮಠಾಣಾದೊಳಗಿನ ಮನೆಗೆ ತೊಡಕು ಕಡಿಮೆ. ಪಂಚಾಯಿತಿಯ ಇ-ಸ್ವತ್ತು ತಂತ್ರಾಂಶದಲ್ಲಿ ಆಸ್ತಿ ನೋಂದಣಿಯಾಗಿರುವುದು, ಮನೆ ಕಂದಾಯ ಬಾಕಿ ಇಲ್ಲದಿರುವುದು, ಅರ್ಜಿದಾರರ ಗುರುತಿನ ದಾಖಲೆ ಸಾಮಾನ್ಯವಾಗಿ ಸಾಕಾಗುತ್ತವೆ. ತೀರಿಕೊಂಡ ಅಜ್ಜನ ಹೆಸರಿನಲ್ಲೇ ಖಾತೆ ಉಳಿದಿದ್ದರೆ ಮೊದಲು ಪೌತಿ ಖಾತೆ ಮಾಡಿಸಿಕೊಳ್ಳುವುದು ಒಳಿತು. ಅಣ್ಣತಮ್ಮಂದಿರ ನಡುವೆ ಪಾಲು ಆಗದ ಮನೆಯಲ್ಲಿ ಅರ್ಜಿಗೆ ಆಕ್ಷೇಪ ಬರುವ ಸಂಭವ ಹೆಚ್ಚು.

ಜಮೀನಿನಲ್ಲಿ ಕಟ್ಟಿದ ಮನೆಯ ವಿಚಾರ ಬೇರೆ. ಕೃಷಿ ಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಳಸಲು ಕರ್ನಾಟಕ ಭೂಕಂದಾಯ ಕಾಯ್ದೆ (1964) 95ನೇ ಪ್ರಕರಣದ ಅನ್ವಯ ಪರಿವರ್ತನೆ ಬೇಕು. ರೈತ ತನ್ನ ಹಿಡುವಳಿಯಲ್ಲಿ ನಿಗದಿತ ಮಿತಿಯೊಳಗೆ ಕಟ್ಟಿಕೊಳ್ಳುವ ತೋಟದ ಮನೆಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಮಿಷನ್ ಲೆಕ್ಕಕ್ಕೆ ಹಿಡಿಯುವುದು ವಾಸವಿರುವ ಕುಟುಂಬವನ್ನೇ ಹೊರತು ಆಸ್ತಿಯನ್ನಲ್ಲ. ಖಾಲಿ ನಿವೇಶನ, ವಾರಾಂತ್ಯದ ಬಂಗಲೆ, ರೆಸಾರ್ಟ್‌ಗಳನ್ನು ಈ ಯೋಜನೆಯ ಫಲಾನುಭವಿಗಳೆಂದು ಪರಿಗಣಿಸಲಾಗದು.

ಅರ್ಜಿಯ ನಂತರ

ಅರ್ಜಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಲಿಖಿತವಾಗಿ ನೀಡಿ ಸ್ವೀಕೃತಿ ಪಡೆಯಬೇಕು. ಬಾಯಿಮಾತಿನ ಕೋರಿಕೆಗೆ ದಾಖಲೆ ಉಳಿಯುವುದಿಲ್ಲ. ಮುಖ್ಯ ಕೊಳವೆಯಿಂದ ಮನೆಗಿರುವ ಅಂತರ, ನೆಲದ ಏರುತಗ್ಗು, ಓವರ್‌ಹೆಡ್ ಟ್ಯಾಂಕಿನ ಸಾಮರ್ಥ್ಯ, ಕೊಳವೆ ಬಾವಿಯ ಇಳುವರಿ ಇವೆಲ್ಲ ಪರಿಶೀಲನೆಗೆ ಒಳಪಡುತ್ತವೆ. ಟ್ಯಾಂಕಿಗಿಂತ ಎತ್ತರದಲ್ಲಿರುವ ಮನೆಗೆ ಪೈಪು ಎಳೆದರೂ ನೀರು ಏರುವುದಿಲ್ಲ. ಯಾವ ಓಣಿಗೆ ಎಷ್ಟು ಹೊತ್ತು ನೀರು ಬಿಡಲಾಗುತ್ತದೆ, ಎಲ್ಲಿ ಒತ್ತಡ ಕುಸಿಯುತ್ತದೆ ಎಂಬುದು ಊರಿನ ನೀರುಗಂಟಿಗೆ ಚೆನ್ನಾಗಿ ಗೊತ್ತಿರುತ್ತದೆ. ಅರ್ಜಿಗೆ ಮುನ್ನ ಆತನೊಡನೆ ಮಾತನಾಡುವುದು ವಿವೇಕ.

ಪೈಪು ಈಗಾಗಲೇ ಇರುವ ಬೀದಿಯಲ್ಲಿ ಸಂಪರ್ಕ ಸುಲಭ. ಹೊಸದಾಗಿ ಪೈಪು ಹಾಕಬೇಕಾದರೆ ಅದು ಗ್ರಾಮ ಕ್ರಿಯಾ ಯೋಜನೆಗೆ ಸೇರಬೇಕು. ಈ ಯೋಜನೆ ತಯಾರಿಸುವುದು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ. ಮಿಷನ್ ಮಾರ್ಗಸೂಚಿಯಂತೆ ಸಮಿತಿಯಲ್ಲಿ 10ರಿಂದ 15 ಸದಸ್ಯರಿದ್ದು, ಅರ್ಧದಷ್ಟು ಮಹಿಳೆಯರಿರಬೇಕು. ಕ್ರಿಯಾ ಯೋಜನೆಗೆ ಗ್ರಾಮಸಭೆಯ ಒಪ್ಪಿಗೆ ಅಗತ್ಯ. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಗ್ರಾಮಸಭೆಗೆ ಊರಲ್ಲಿರುವ ಮನೆಯವರು ಹೋಗಿ, ಬಿಟ್ಟುಹೋದ ಮನೆಯ ವಿಷಯವನ್ನು ನಡವಳಿಯಲ್ಲಿ ಬರೆಸುವುದು ಬಹಳ ಮುಖ್ಯ.

ಊರಾಚೆಯ ಮನೆಗಳು

ಮಲೆನಾಡು, ಕರಾವಳಿಯ ಒಂಟಿ ಮನೆಗಳು ಹಾಗೂ ಬಯಲುಸೀಮೆಯ ತೋಟದ ಮನೆಗಳ ಸಮಸ್ಯೆ ಕಠಿಣವಾದದ್ದು. ಒಂದು ಮನೆಗಾಗಿ ಕಿಲೋಮೀಟರ್‌ಗಟ್ಟಲೆ ಪೈಪು ಎಳೆಯಲು ಅಂದಾಜು ಪಟ್ಟಿ ಒಗ್ಗುವುದಿಲ್ಲ. ಅಕ್ಕಪಕ್ಕದ ಮನೆಯವರು ಜಂಟಿಯಾಗಿ ಅರ್ಜಿ ಸಲ್ಲಿಸಿದರೆ ಬೇಡಿಕೆಗೆ ಬಲ ಬರುತ್ತದೆ. ದೂರದ ಪುಟ್ಟ ಜನವಸತಿಗಳಿಗೆ ಸ್ಥಳೀಯ ಜಲಮೂಲ ಆಧರಿಸಿ ಸೌರಶಕ್ತಿಯ ಕಿರು ನೀರು ಸರಬರಾಜು ಘಟಕ ಸ್ಥಾಪಿಸಲು ಮಿಷನ್‌ನಲ್ಲಿ ಅವಕಾಶವಿದೆ. ಬೇರೆಯವರ ಜಮೀನಿನ ಮೂಲಕ ಪೈಪು ಹಾಯಬೇಕಾದಲ್ಲಿ ಅವರ ಲಿಖಿತ ಒಪ್ಪಿಗೆ ಇರಲಿ.

ಸಂಪರ್ಕ ಸಿಗುವತನಕ ಸ್ವಂತ ಕೊಳವೆ ಬಾವಿ ಕೊರೆಸಲು ಹೊರಡುವವರಿಗೂ ನಿಯಮವಿದೆ. ಕುಡಿಯುವ ನೀರಿನ ಮೂಲಗಳ ರಕ್ಷಣೆಗಾಗಿ 1999ರಲ್ಲಿ ರೂಪಿಸಿದ ರಾಜ್ಯ ಕಾಯ್ದೆಯಂತೆ ಸಾರ್ವಜನಿಕ ಜಲಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೆಗೆಯುವಂತಿಲ್ಲ.

ಖರ್ಚು ಮತ್ತು ಕರ

ಗ್ರಾಮದೊಳಗಿನ ಕಾಮಗಾರಿ ವೆಚ್ಚದಲ್ಲಿ ಶೇ 10ರಷ್ಟು ಸಮುದಾಯ ವಂತಿಕೆಯನ್ನು ಮಿಷನ್ ನಿಗದಿಪಡಿಸಿದೆ. ಗುಡ್ಡಗಾಡು, ಅರಣ್ಯ ಪ್ರದೇಶಗಳಲ್ಲಿ ಹಾಗೂ ಪರಿಶಿಷ್ಟ ಜಾತಿ, ಪಂಗಡದವರು ಅರ್ಧಕ್ಕಿಂತ ಹೆಚ್ಚಿರುವ ಊರುಗಳಲ್ಲಿ ಇದು ಶೇ 5. ಹಣದ ಬದಲು ವಸ್ತು ಅಥವಾ ಶ್ರಮದ ರೂಪದಲ್ಲೂ ಸಲ್ಲಿಸಬಹುದು. ನೀರಿನ ಕರವನ್ನು ಪಂಚಾಯಿತಿ ನಿರ್ಧರಿಸುವುದರಿಂದ ಊರಿಂದೂರಿಗೆ ದರ ಬೇರೆಯಾಗಿರುತ್ತದೆ. ಪಂಪಿನ ವಿದ್ಯುತ್ ಬಿಲ್ಲು, ನೀರುಗಂಟಿಯ ಸಂಬಳ, ಒಡೆದ ಪೈಪಿನ ದುರಸ್ತಿಗೆ ಆಸರೆಯಾಗುವುದು ಈ ಕರವೇ. ನಲ್ಲಿಗೆ ನೇರವಾಗಿ ಮೋಟಾರು ಜೋಡಿಸಿ ನೀರೆಳೆದರೆ ಓಣಿಯ ಕೊನೆಯ ಮನೆಗೆ ಹನಿಯೂ ತಲುಪದು.

ಗುಣಮಟ್ಟ

ನಲ್ಲಿ ಬಂದ ಮಾತ್ರಕ್ಕೆ ನೀರು ಶುದ್ಧವೆಂದು ಭಾವಿಸುವಂತಿಲ್ಲ. ಕೋಲಾರ, ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಅದು ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂ ಗರಿಷ್ಠ ಮಿತಿ. ಇಂಥ ಪ್ರದೇಶಗಳಿಗೆಂದೇ ನದಿ ಮೂಲದ ಬಹುಗ್ರಾಮ ಯೋಜನೆಗಳಿವೆ. ಪಾವಗಡ ಭಾಗಕ್ಕೆ ತುಂಗಭದ್ರಾ ಜಲಾಶಯದ ಹಿನ್ನೀರು ತರುವ ಯೋಜನೆ ಇದಕ್ಕೆ ನಿದರ್ಶನ. ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ನೀಡಬೇಕೆಂಬುದು ಮಿಷನ್‌ನ ನಿಯಮ. ಪರೀಕ್ಷೆಯ ಫಲಿತಾಂಶ ಕೇಳುವ ಹಕ್ಕು ಗ್ರಾಮಸ್ಥರಿಗಿದೆ.

ವಿಳಂಬವಾದರೆ

ಅರ್ಜಿಗೆ ಉತ್ತರ ಬಾರದಿದ್ದರೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ, ಬಳಿಕ ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ದೂರು ಸಲ್ಲಿಸಬಹುದು. ಕ್ರಿಯಾ ಯೋಜನೆಯ ಪ್ರತಿ, ಸಂಪರ್ಕ ಪಡೆದ ಮನೆಗಳ ಪಟ್ಟಿಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ (2005) ಕೋರಿದರೆ 30 ದಿನಗಳಲ್ಲಿ ಉತ್ತರ ದೊರೆಯಬೇಕು. ಕಾಮಗಾರಿ ಮುಗಿದಿದೆ ಎಂದು ಕಡತದಲ್ಲಿದ್ದು ಮನೆಯಲ್ಲಿ ನಲ್ಲಿಯೇ ಇಲ್ಲದಿದ್ದರೆ ಅದು ಬಯಲಾಗುವುದೂ ಇಲ್ಲಿಯೇ.

ಮಾಲಿನ್ಯರಹಿತ ನೀರು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಆ ಹಕ್ಕು ಹಿತ್ತಲಿನ ನಲ್ಲಿಯವರೆಗೆ ತಲುಪುವುದು ಪಂಚಾಯಿತಿಯ ಪುಸ್ತಕದಲ್ಲಿ ಮನೆಯ ಹೆಸರು ಸೇರಿದ ಮೇಲೆಯೇ. ಹಬ್ಬಕ್ಕೆಂದು ಊರಿಗೆ ಹೋದವರು ಮರಳುವ ಮುನ್ನ ಒಮ್ಮೆ ಪಂಚಾಯಿತಿ ಕಚೇರಿಯಲ್ಲಿ ಆ ಪುಸ್ತಕ ನೋಡಿ ಬರುವುದು ಲೇಸು.