ಹೆಡ್ ಇಳಿಸುವ ಕಸುಬು: ದಕ್ಷಿಣ ಬೆಂಗಳೂರಿನ ಹಳೆಯ ಕಾರುಗಳ ದುರಸ್ತಿ ಚರಿತ್ರೆ

ಕಾರಿನ ಎಂಜಿನ್ನಿನಲ್ಲಿ ಬ್ಲಾಕಿನ ಮೇಲೆ ಕೂತು ಸಿಲಿಂಡರುಗಳ ಬಾಯಿ ಮುಚ್ಚುವ ಭಾಗ ಸಿಲಿಂಡರ್ ಹೆಡ್. ಹೆಚ್ಚಿನ ಎಂಜಿನ್ನುಗಳಲ್ಲಿ ಪೆಟ್ರೋಲು ಉರಿಯುವ ಗೂಡು, ಗಾಳಿ ಬರುವ ಮತ್ತು ಹೊಗೆ ಹೋಗುವ ದಾರಿಗಳು, ವಾಲ್ವುಗಳು, ಸ್ಪಾರ್ಕ್ ಪ್ಲಗ್ಗುಗಳು ಎಲ್ಲವೂ ಅದರೊಳಗೇ ಇರುತ್ತವೆ. ಉರಿಯ ತಾಪ 2000 ಡಿಗ್ರಿ ಸೆಲ್ಸಿಯಸ್ ದಾಟುವ ಗೂಡಿಗೂ ಪಕ್ಕದಲ್ಲೇ ನೀರು ಹರಿಯುವ ಪೊಳ್ಳಿಗೂ ನಡುವೆ ಇರುವುದು ಕೆಲವೇ ಮಿಲಿಮೀಟರ್ ದಪ್ಪದ ಗೋಡೆ. ನೀರಿನ ಹರಿವು ಕೆಟ್ಟಿತೆಂದರೆ ಮೊದಲ ಪೆಟ್ಟು ಬೀಳುವುದು ಇಲ್ಲಿಗೆ: ಹೆಡ್ಡು ಡೊಂಕಾಗುತ್ತದೆ, ವಾಲ್ವ್ ಸೀಟುಗಳ ನಡುವೆ ಬಿರುಕು ಬಿಡುತ್ತದೆ, ಹೆಡ್ಡು ಮತ್ತು ಬ್ಲಾಕಿನ ನಡುವಿನ ಗ್ಯಾಸ್ಕೆಟ್ ಸುಟ್ಟುಹೋಗುತ್ತದೆ. ಸೈಲೆನ್ಸರಿನಿಂದ ಬಿಳಿ ಹೊಗೆ, ರೇಡಿಯೇಟರಿನಲ್ಲಿ ಗುಳ್ಳೆ, ಡಿಪ್ ಸ್ಟಿಕ್ಕಿನ ಮೇಲೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ ಆಯಿಲ್, ಇವು ಅದರ ಗುರುತುಗಳು. ಆಗ ಹೆಡ್ ಇಳಿಸಲೇಬೇಕು.

ದಕ್ಷಿಣ ಬೆಂಗಳೂರಿನ ಬಡಾವಣೆಗಳು ಮತ್ತು ಭಾರತೀಯ ಕಾರು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬೆಳೆದವು. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅದಾದ ಐದು ವರ್ಷಕ್ಕೆ, 1953ರಲ್ಲಿ, ಕೇಂದ್ರ ಸರ್ಕಾರ ಟ್ಯಾರಿಫ್ ಕಮಿಷನ್ನಿನ ಶಿಫಾರಸು ಒಪ್ಪಿ, ಇಲ್ಲೇ ತಯಾರಿಕೆಗೆ ಯೋಜನೆಯಿಲ್ಲದೆ ಬಿಡಿಭಾಗ ತರಿಸಿ ಜೋಡಿಸುತ್ತಿದ್ದ ಕಂಪನಿಗಳಿಗೆ ಬಾಗಿಲು ಮುಚ್ಚಿತು. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ದೇಶ ಬಿಟ್ಟವು. ಅವುಗಳ ಕಾರು ಇಟ್ಟುಕೊಂಡವರಿಗೆ ಹೊಸ ಹೆಡ್ಡು ಸಿಗುವುದು ದುರ್ಲಭವಾಯಿತು. ಒಡೆದದ್ದನ್ನೇ ರಿಪೇರಿ ಮಾಡಿ ಮತ್ತೆ ಕೂರಿಸುವ ಪದ್ಧತಿ ಇಷ್ಟು ಆಳವಾಗಿ ಬೇರೂರಿದ್ದಕ್ಕೆ ಈ ಅಭಾವವೇ ಮುಖ್ಯ ಕಾರಣ. ಮುಂದೆ ಅಭಾವ ನೀಗಿದ ಮೇಲೂ ಕೈಗೆ ಬಂದ ಕಸುಬು ಉಳಿದುಕೊಂಡಿತು.

ಆ ಮೇಲೆ ರಸ್ತೆಯಲ್ಲಿ ಉಳಿದದ್ದು ಮುಖ್ಯವಾಗಿ ಮೂರು ಬಗೆಯ ಕಾರು. ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್ 1957ರಲ್ಲಿ, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ 1961ರಲ್ಲಿ ಬಂದವು. ಬೊಂಬಾಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸಿದ ಫಿಯಟ್ 1100, 1964ರಲ್ಲಿ ಡಿಲೈಟ್ ಆಗಿ, 70ರ ದಶಕದಲ್ಲಿ ಪ್ರೆಸಿಡೆಂಟ್, ಪದ್ಮಿನಿ ಎಂಬ ಹೆಸರು ಪಡೆಯಿತು. ಮೊದಲ ಅಂಬಾಸಿಡರುಗಳ 1476 ಸಿ.ಸಿ. ಎಂಜಿನ್ನಿನಲ್ಲಿ ವಾಲ್ವುಗಳು ಬ್ಲಾಕಿನಲ್ಲೇ ಇದ್ದವು, ಹೆಡ್ಡು ಬರೀ ಮುಚ್ಚಳ. ಅದನ್ನು ಬಿಚ್ಚಿ ಮಸಿ ಕೆರೆದು, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದರೆ ಕೆಲಸ ಮುಗಿಯುತ್ತಿತ್ತು. 1959ರಲ್ಲಿ ಬಂದ 1489 ಸಿ.ಸಿ. ಎಂಜಿನ್ನಿನಲ್ಲಿ ವಾಲ್ವುಗಳು ತಲೆಗೆ ಏರಿದವು. ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸರಣಿಗೆ ಸೇರಿದ ಈ ಎಂಜಿನ್ನಿನ ಹೆಡ್ಡಿನ ಉರಿಗೂಡನ್ನು ವಿನ್ಯಾಸ ಮಾಡಿದವರು ಹ್ಯಾರಿ ವೆಸ್ಲೇಕ್. ಬೆಂಗಳೂರಿನ ಗ್ಯಾರೇಜುಗಳಲ್ಲಿ ಹೆಡ್ ಕೆಲಸ ಒಂದು ಬೇರೆಯೇ ವಿದ್ಯೆಯಾಗಿ ನಿಂತದ್ದು ಈ ಬದಲಾವಣೆಯ ನಂತರ.

ಆ ವಿದ್ಯೆ ಎರಡು ಜಾಗಗಳಲ್ಲಿ ಹಂಚಿಹೋಗಿತ್ತು, ಈಗಲೂ ಹಾಗೇ ಇದೆ. ಬಡಾವಣೆಯ ಗ್ಯಾರೇಜಿನಲ್ಲಿ ಬಿಚ್ಚುವುದು, ಕೂರಿಸುವುದು; ಯಂತ್ರದ ಕೆಲಸವೆಲ್ಲ ಕಲಾಸಿಪಾಳ್ಯ ಮತ್ತು ಜೆ.ಸಿ. ರಸ್ತೆಯ ಆಸುಪಾಸಿನ ಲೇತ್ ಅಂಗಡಿಗಳಲ್ಲಿ. ಪುರಭವನದಿಂದ ಮಿನರ್ವ ಸರ್ಕಲ್ಲಿನವರೆಗೆ ಹಬ್ಬಿದ ಜೆ.ಸಿ. ರಸ್ತೆ ನಗರದ ಮೋಟಾರು ಬಿಡಿಭಾಗಗಳ ಪೇಟೆ. ಅಲ್ಲಿಂದ ಆರ್.ವಿ. ರಸ್ತೆ ಹಿಡಿದು ಲಾಲ್‌ಬಾಗಿನ ಪಡುವಣ ಅಂಚಿನಲ್ಲೇ ಬಂದರೆ ಸೌತ್ ಎಂಡ್ ಸರ್ಕಲ್, ಜಯನಗರ. ಗೋಣಿಚೀಲದಲ್ಲಿ ಸುತ್ತಿದ ಹೆಡ್ಡನ್ನು ಆಟೊದಲ್ಲಿ ಹಾಕಿ ‘ಲೇತಿಗೆ ಕಳಿಸುವುದು’ ಜಯನಗರ, ಬನಶಂಕರಿಯ ಗ್ಯಾರೇಜುಗಳ ದಿನಚರಿಯೇ ಆಯಿತು. ಗುಜರಿಯಿಂದ ತಂದ ಹಳೆಯ ಹೆಡ್ಡು ಬೇಕಾದವರು ಶಿವಾಜಿನಗರದ ಕಡೆ ಹೋಗುತ್ತಿದ್ದರು.

ಇಂಥ ಕೆಲಸಕ್ಕೆ ಬೇಕಾದ ಅಳತೆಯ ಶಿಸ್ತು ಊರಿಗೆ ಹೊಸದಾಗಿರಲಿಲ್ಲ. ಹಿಂದೂಸ್ತಾನ್ ಏರ್‌ಕ್ರಾಫ್ಟ್ 1940ರಲ್ಲೂ ಲೇತ್ ತಯಾರಿಸುವ ಎಚ್‌ಎಂಟಿ 1953ರಲ್ಲೂ ಶುರುವಾಗಿದ್ದವು. ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪು ತಯಾರಿಸುವ ಮೈಕೋ 1951ರಲ್ಲಿ ಸ್ಥಾಪನೆಯಾಯಿತು. ಅದರ ಆಡುಗೋಡಿ ಕಾರ್ಖಾನೆ ದಕ್ಷಿಣ ಬೆಂಗಳೂರಿನ ಮಗ್ಗುಲಲ್ಲೇ ಇತ್ತು, ಬಿಟಿಎಂ ಲೇಔಟಿನ ಪಕ್ಕದ ಮೈಕೋ ಲೇಔಟ್ ಇಂದಿಗೂ ಅದರ ಹೆಸರು ಹೊತ್ತಿದೆ. ಮಿಲಿಮೀಟರಿನ ನೂರನೇ ಭಾಗ ಲೆಕ್ಕಕ್ಕೆ ಬರುತ್ತದೆ ಎಂದು ಬಲ್ಲ ಜನ ಈ ಭಾಗದಲ್ಲಿ ನೆರೆದಿದ್ದರು ಎಂಬುದನ್ನು ಈ ಕಸುಬಿನ ಚರಿತ್ರೆಯಲ್ಲಿ ಮರೆಯಬಾರದು.

ಅಂಬಾಸಿಡರಿನ ಹೆಡ್ಡು ಮತ್ತು ಬ್ಲಾಕು ಎರಡೂ ಬೀಡು ಕಬ್ಬಿಣದವು. ಕಾದಾಗ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಡೊಂಕಾಗುವುದು ಕಡಿಮೆ. ಅದರ ಕಾಯಿಲೆ ಬಿರುಕು. ನಡುವಿನ ಎರಡು ಸಿಲಿಂಡರುಗಳ ಹೊಗೆ ಒಂದೇ ದಾರಿಯಲ್ಲಿ ಹೊರಹೋಗುತ್ತದೆ, ಪಕ್ಕಪಕ್ಕದ ಎರಡು ಎಕ್ಸಾಸ್ಟ್ ವಾಲ್ವುಗಳ ಬಿಸಿ ಒಂದೆಡೆ ಸೇರುತ್ತದೆ. ಬಿರುಕು ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಲ್ಲೇ. ಬಿಚ್ಚುವಾಗಲೂ ಒಂದು ಎಚ್ಚರ ಬೇಕು. ವಾಲ್ವುಗಳನ್ನು ಒತ್ತಿ ತೆರೆಯುವ ರಾಕರುಗಳ ಶಾಫ್ಟನ್ನು ಹಿಡಿದಿರುವ ನಟ್ಟುಗಳಲ್ಲಿ ನಾಲ್ಕು ಹೆಡ್ಡನ್ನೂ ಹಿಡಿದಿರುತ್ತವೆ. ರಾಕರ್ ಮಾತ್ರ ತೆಗೆಯುತ್ತೇನೆಂದು ಆ ನಾಲ್ಕನ್ನೇ ಸಡಿಲಿಸಿದರೆ ಒತ್ತಡವೆಲ್ಲ ಒಂದು ಕಡೆಗೆ ವಾಲಿ, ಸರಿಯಿದ್ದ ಹೆಡ್ಡೂ ಹಾಳಾಗುತ್ತದೆ. ಆದ್ದರಿಂದ ಮೊದಲು ನೀರು ಖಾಲಿ ಮಾಡಿ, ಎಲ್ಲ ನಟ್ಟುಗಳನ್ನೂ ಸರದಿಯಂತೆ ಸ್ವಲ್ಪಸ್ವಲ್ಪವೇ ಸಡಿಲಿಸಬೇಕು.

ಇಳಿಸಿದ ಹೆಡ್ಡಿನಲ್ಲಿ ಬಿರುಕು ಹುಡುಕುವ ಹಳೆಯ ಉಪಾಯಕ್ಕೆ ಸೀಮೆಎಣ್ಣೆ ಮತ್ತು ಸೀಮೆಸುಣ್ಣ ಸಾಕು. ಮಸಿ ಕೆರೆದು, ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಮೇಲೆ ಸುಣ್ಣದ ಪುಡಿ ಬಳಿದರೆ ಬಿರುಕಿನೊಳಗೆ ಇಂಗಿದ ಎಣ್ಣೆ ಮೆಲ್ಲಗೆ ಹೊರಬಂದು ಬಿಳುಪಿನ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಬೀಡನ್ನು ಬೆಸೆಯುವುದು ಕಷ್ಟದ ಕೆಲಸ. ತಣ್ಣಗಿರುವಾಗಲೇ ವೆಲ್ಡ್ ಮಾಡಿದರೆ ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದೆ. ಇಡೀ ಹೆಡ್ಡನ್ನು 500–600 ಡಿಗ್ರಿಗೆ ಕಾಯಿಸಿ, ಬೆಸೆದು, ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಹೂತು ನಿಧಾನವಾಗಿ ಆರಿಸಬೇಕು. ಬೆಂಕಿಯೇ ಬೇಡದ ಇನ್ನೊಂದು ಕ್ರಮವೂ ಇದೆ: ಬಿರುಕಿನ ಎರಡು ತುದಿಗೂ ತೂತು ಕೊರೆದು ಅದು ಮುಂದೆ ಓಡದಂತೆ ತಡೆದು, ಉದ್ದಕ್ಕೂ ಒಂದರ ಅಂಚಿಗೆ ಇನ್ನೊಂದು ಅಡರುವಂತೆ ಮರೆ ಕೊರೆದು ಸ್ಕ್ರೂ ತುಂಬಿ, ತಲೆ ತಟ್ಟಿ ಮಟ್ಟಸ ಮಾಡುವುದು. ನೀರಿನ ಪೊಳ್ಳಿನ ಹೊರಗೋಡೆಗೆ ಇದು ಬಹುಕಾಲ ಬಾಳುತ್ತದೆ. ಉರಿಗೂಡಿನೊಳಗೆ ಇದನ್ನು ನಂಬುವುದು ಅಷ್ಟು ಕ್ಷೇಮವಲ್ಲ.

ವಾಲ್ವ್ ಕೆಲಸ ಮಾತ್ರ ಗ್ಯಾರೇಜಿನಲ್ಲೇ ನಡೆಯುತ್ತಿತ್ತು, ಕೆಲಸಕ್ಕೆ ಸೇರಿದ ಹುಡುಗರ ಕೈಗೆ ಮೊದಲು ಬರುತ್ತಿದ್ದುದೂ ಅದೇ. ಸೀಟಿಗೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ರಬ್ಬರ್ ಬಟ್ಟಲಿರುವ ಕೋಲನ್ನು ವಾಲ್ವಿನ ತಲೆಗೆ ಅಂಟಿಸಿ, ಎರಡು ಅಂಗೈ ನಡುವೆ ಅತ್ತಿತ್ತ ಹೊರಳಿಸುತ್ತ ಉಜ್ಜಬೇಕು. ಆಗಾಗ ವಾಲ್ವನ್ನು ಎತ್ತಿ ಕಾಲುಸುತ್ತು ತಿರುಗಿಸಿ ಇಡಬೇಕು. ಸುತ್ತಲೂ ಒಂದೇ ಅಗಲದ ಬೂದುಬಣ್ಣದ ಪಟ್ಟಿ ಮೂಡಿದರೆ ಸೀಟು ಸರಿಯಾಯಿತು ಎಂದರ್ಥ. ಆಮೇಲೆ ವಾಲ್ವ್ ಜೋಡಿಸಿ ಗೂಡಿಗೆ ಸೀಮೆಎಣ್ಣೆ ಸುರಿದು ಕಾಯಬೇಕು. ಹನಿಯೂ ಜಿನುಗದಿದ್ದರೆ ಕೂರಿಸಬಹುದು. ಇಷ್ಟು ಅಗ್ಗದ, ಇಷ್ಟು ಪ್ರಾಮಾಣಿಕ ಪರೀಕ್ಷೆ ಎಂಜಿನ್ ಕೆಲಸದಲ್ಲಿ ಬೇರೊಂದಿಲ್ಲ.

ಫಿಯಟ್ಟಿನ 1089 ಸಿ.ಸಿ. ಎಂಜಿನ್ನಿನ ಕಥೆ ಬೇರೆ. ಬ್ಲಾಕು ಬೀಡಿನದು, ಹೆಡ್ಡು ಅಲ್ಯೂಮಿನಿಯಮ್ಮಿನದು. ಕಾದಾಗ ಅಲ್ಯೂಮಿನಿಯಮ್ ಬೀಡಿನ ಎರಡರಷ್ಟು ಹಿಗ್ಗುತ್ತದೆ. ಬೋಲ್ಟುಗಳು ಬಿಗಿಹಿಡಿದಿರುವಾಗ ಹಿಗ್ಗಲು ಜಾಗವಿಲ್ಲದೆ ಹೆಡ್ಡು ನಡುವೆ ಬಾಗುತ್ತದೆ. ಜೊತೆಗೆ, ರೇಡಿಯೇಟರಿಗೆ ಬರೀ ನಲ್ಲಿ ನೀರು ಹಾಕಿದರೆ ಎರಡು ಲೋಹಗಳ ನಡುವೆ ಸವಕಳಿ ಶುರುವಾಗಿ, ಹೆಡ್ಡಿನ ನೀರಿನ ತೂತುಗಳ ಅಂಚು ತಿಂದುಹೋಗಿ ಗ್ಯಾಸ್ಕೆಟ್ಟಿಗೆ ಆಧಾರವೇ ಇಲ್ಲವಾಗುತ್ತದೆ.

ನೀರಿನ ವಿಷಯದಲ್ಲಿ ಊರಿನದೂ ಒಂದು ಪಾಲಿದೆ. ಕಾವೇರಿಯ ಮೊದಲ ಹಂತದ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. ಆಮೇಲೆ ಬೆಳೆದ ಜೆ.ಪಿ. ನಗರ, ಬಿಟಿಎಂ ಲೇಔಟುಗಳ ಎಷ್ಟೋ ಬೀದಿಗಳು ಬಹುಕಾಲ ಕೊಳವೆಬಾವಿಯನ್ನೇ ನೆಚ್ಚಿದ್ದವು. ಆ ಗಡಸು ನೀರು ರೇಡಿಯೇಟರಿನ ಕೊಳವೆಗಳಲ್ಲೂ ಹೆಡ್ಡಿನ ಪೊಳ್ಳಿನಲ್ಲೂ ಸುಣ್ಣದ ಪದರ ಕಟ್ಟಿಸುತ್ತದೆ, ಪದರ ಬಿಸಿಯನ್ನು ತಡೆಹಿಡಿಯುತ್ತದೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಹಿಡಿದಿಡಬೇಕಾದ ರೇಡಿಯೇಟರ್ ಮುಚ್ಚಳದ ಸ್ಪ್ರಿಂಗ್ ಸತ್ತಿದ್ದರೆ ಎಂಜಿನ್ನಿನ ನೀರಿಗೂ ಅದೇ ಗತಿ. ಹವೆ ತಂಪಾದ ಊರು ಎಂದು ಮೈಮರೆತವರ ಕಾರುಗಳು ಬೇಸಿಗೆಯ ಘಾಟಿ ಪಯಣದಲ್ಲಿ ಕೈಕೊಡುತ್ತಿದ್ದುದರ ಹಿಂದೆ ಹೆಚ್ಚಾಗಿ ಇರುತ್ತಿದ್ದುದು ಈ ಸುಣ್ಣ, ಈ ಮುಚ್ಚಳ.

ಅಲ್ಯೂಮಿನಿಯಮ್ ಬೆಸುಗೆ ಕೈಗೆ ಸಿಗಲು ಕಾಲ ಹಿಡಿಯಿತು. ಲೋಹ 660 ಡಿಗ್ರಿಗೆ ಕರಗಿದರೆ ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿಯೂ ಸಾಲದು. ಗ್ಯಾಸ್ ವೆಲ್ಡಿಂಗಿನಲ್ಲಿ ಪುಡಿ ಹಾಕಿ ಪೊರೆ ಬಿಡಿಸಬೇಕಿತ್ತು. ಕರಗುವ ಮುನ್ನ ಲೋಹದ ಬಣ್ಣ ಬದಲಾಗುವುದಿಲ್ಲವಾದ್ದರಿಂದ ಒಂದು ಕ್ಷಣ ತಡವಾದರೆ ಗೋಡೆಯೇ ಕುಸಿಯುತ್ತಿತ್ತು. ಆರ್ಗಾನಿನಂಥ ಜಡ ಅನಿಲದ ಮರೆಯಲ್ಲಿ ಟಂಗ್‌ಸ್ಟನ್ ಕಡ್ಡಿಯಿಂದ ಬೆಸೆಯುವ ವಿಧಾನ 1940ರ ದಶಕದ ಆರಂಭದಲ್ಲಿ ಅಮೆರಿಕದ ವಿಮಾನ ಕಾರ್ಖಾನೆಗಳಲ್ಲಿ ರೂಪುಗೊಂಡದ್ದು. ಪೇಟೆಯ ಅಂಗಡಿಗಳಿಗೆ ಅದು ಇಳಿದದ್ದು ದೊಡ್ಡ ಕಾರ್ಖಾನೆಗಳಿಗೆ ಬಂದ ಎಷ್ಟೋ ಕಾಲದ ಮೇಲೆ. ಬಂದ ನಂತರ ಹೆಡ್ ರಿಪೇರಿಯ ಸ್ವರೂಪವೇ ಬದಲಾಯಿತು. ತಿಂದುಹೋದ ಅಂಚನ್ನು ಕೆತ್ತಿ, ಸಿಲಿಕಾನ್ ಬೆರೆತ ಕಡ್ಡಿಯಿಂದ ತುಂಬಿ, ಮತ್ತೆ ಫೇಸಿಂಗ್ ಮಾಡುವುದು, ಅಂದರೆ ತಳವನ್ನು ಯಂತ್ರದಲ್ಲಿ ಸವೆಸಿ ಮಟ್ಟಸ ಮಾಡುವುದು, ಮಾಮೂಲಾಯಿತು. ಎಷ್ಟು ತೊಳೆದರೂ ಹಳೆಯ ಹೆಡ್ಡಿನ ರಂಧ್ರಗಳಲ್ಲಿ ಆಯಿಲ್ ಉಳಿದಿರುತ್ತದೆ. ಮೊದಲು ಕಾಯಿಸಿ ಅದನ್ನು ಹೊರಗೆಡಹದೆ ಬೆಸೆದರೆ ಬೆಸುಗೆ ತುಂಬ ಗುಳ್ಳೆ.

ಬೆಂಗಳೂರಿನಲ್ಲೇ ತಯಾರಾದ ಒಂದು ಕಾರೂ ಈ ಅಂಗಡಿಗಳಿಗೆ ಕೆಲಸ ಕೊಟ್ಟಿತು. ಸಿಪಾನಿ ಸಂಸ್ಥೆ 1982ರಲ್ಲಿ ತಂದ ಫೈಬರ್ ಮೈಯ ಡಾಲ್ಫಿನ್, ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ರೂಪಾಂತರ. ಅದರ 848 ಸಿ.ಸಿ. ಎಂಜಿನ್ನಿನಲ್ಲಿ ಬ್ಲಾಕೂ ಹೆಡ್ಡೂ ಅಲ್ಯೂಮಿನಿಯಮ್ಮೇ.

1983ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಮಾರುತಿ 800 ಕಸುಬಿನ ಲೆಕ್ಕಾಚಾರ ಬದಲಿಸಿತು. ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್ನಿನಲ್ಲಿ ವಾಲ್ವುಗಳನ್ನು ತೆರೆಸುವ ಕ್ಯಾಮ್ ಶಾಫ್ಟ್ ಅಲ್ಯೂಮಿನಿಯಮ್ ಹೆಡ್ಡಿನೊಳಗೇ ತಿರುಗುತ್ತದೆ. ತಳದಲ್ಲಿ ಅನುಮತಿಯಿರುವ ಡೊಂಕು 0.05 ಮಿಲಿಮೀಟರ್ ಮಾತ್ರ. ಅಂಬಾಸಿಡರ್ ಕಾಲದ ಕಣ್ಣಂದಾಜು ಇಲ್ಲಿ ನಡೆಯದು. ನೇರಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಎರಡು ಮೂಲೆಗಳಿಗೆ ಇಟ್ಟು ಕೆಳಗೆ ಫೀಲರ್ ಗೇಜ್ ತೂರಿಸಿ ನೋಡಬೇಕು. ಬಾಗಿದ ಹೆಡ್ಡಿನ ತಳವನ್ನಷ್ಟೇ ಮಟ್ಟಸ ಮಾಡಿದರೆ ಮೇಲೆ ಕ್ಯಾಮ್ ತಿರುಗುವ ತೂತುಗಳ ಸಾಲು ಡೊಂಕಾಗಿಯೇ ಉಳಿಯುತ್ತದೆ, ಶಾಫ್ಟ್ ಬಿಗಿದುಕೊಳ್ಳುತ್ತದೆ. ಸರಿಯಾದ ಕ್ರಮವೆಂದರೆ ಹೆಡ್ಡನ್ನು ದಪ್ಪ ಉಕ್ಕಿನ ಹಲಗೆಗೆ ಬಿಗಿದು, ಒಲೆಯಲ್ಲಿ ಕಾಯಿಸಿ, ನಿಧಾನವಾಗಿ ಆರಿಸಿ ಮೊದಲು ನೇರ ಮಾಡಿ, ಆಮೇಲೆ ಆದಷ್ಟು ತೆಳುವಾಗಿ ಫೇಸಿಂಗ್ ಮಾಡುವುದು. ಹೆಚ್ಚು ತೆಗೆದರೆ ಉರಿಗೂಡು ಕಿರಿದಾಗಿ ಒತ್ತಡ ಏರುತ್ತದೆ, ಎಂಜಿನ್ ಕುಟ್ಟುತ್ತದೆ. ಕ್ಯಾಮ್ ಕೆಳಕ್ಕೆ ಸರಿದು ವಾಲ್ವುಗಳ ಸಮಯವೂ ತುಸು ಹಿಂದೆಮುಂದಾಗುತ್ತದೆ. ಆತುರದಲ್ಲಿ ಈ ನೇರ ಮಾಡುವ ಹಂತವನ್ನು ಬಿಟ್ಟುಬಿಡುವುದು ಕಸುಬಿಗೆ ಅಂಟಿದ ದೊಡ್ಡ ಕೆಡುಕು.

ಮಾರುತಿಯ ಬಿಡಿಭಾಗಗಳು ಹೇರಳವಾಗಿ ಸಿಗತೊಡಗಿದಂತೆ ಹೆಡ್ಡು ರಿಪೇರಿ ಮಾಡುವುದೋ ಹೊಸದನ್ನೇ ಹಾಕುವುದೋ ಎಂಬ ಪ್ರಶ್ನೆ ಮೊದಲ ಬಾರಿಗೆ ಎದ್ದಿತು. ಅಂಬಾಸಿಡರ್, ಫಿಯಟ್ ಕಾಲದಲ್ಲಿ ಆ ಪ್ರಶ್ನೆಗೆ ಜಾಗವೇ ಇರಲಿಲ್ಲ.

ಇನ್ನೊಂದು ತಿರುವು ಪೆಟ್ರೋಲಿನಿಂದ ಬಂತು. 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಮಾತ್ರ ಮಾರಾಟವಾಗತೊಡಗಿತು. ಹಳೆಯ ಬೀಡಿನ ಹೆಡ್ಡುಗಳಲ್ಲಿ ವಾಲ್ವ್ ಸೀಟನ್ನು ಹೆಡ್ಡಿನ ಲೋಹದಲ್ಲೇ ಕಡೆದಿರುತ್ತಿದ್ದರು. ಪೆಟ್ರೋಲಿನ ಸೀಸ ವಾಲ್ವಿಗೂ ಸೀಟಿಗೂ ನಡುವೆ ತೆಳು ಪದರವಾಗಿ ನಿಂತು ಸವೆತ ತಡೆಯುತ್ತಿತ್ತು. ಅದು ಹೋದ ಮೇಲೆ ಎಕ್ಸಾಸ್ಟ್ ವಾಲ್ವುಗಳು ಸೀಟಿನೊಳಕ್ಕೆ ಇಳಿಯತೊಡಗುತ್ತವೆ. ವಾಲ್ವಿನ ತುದಿಗೂ ರಾಕರಿಗೂ ನಡುವಿನ ಟ್ಯಾಪೆಟ್ ಸಂದು ಪದೇಪದೇ ಮುಚ್ಚಿಹೋಗುವುದು ಅದರ ಸೂಚನೆ. ಪರಿಹಾರವೆಂದರೆ ಹಳೆಯ ಸೀಟನ್ನು ಕೊರೆದು ಗಟ್ಟಿ ಉಕ್ಕಿನ ಉಂಗುರ ಕೂರಿಸುವುದು. ಉಂಗುರ ತೂತಿಗಿಂತ ಕೂದಲೆಳೆಯಷ್ಟು ದೊಡ್ಡದಿರಬೇಕು. ಹೆಡ್ಡನ್ನು ಕಾಯಿಸಿ, ಉಂಗುರವನ್ನು ತಂಪು ಮಾಡಿ ಇಳಿಸಿದರೆ ಎರಡೂ ಒಂದೇ ತಾಪಕ್ಕೆ ಬಂದಾಗ ಅಲ್ಲಾಡದಂತೆ ಕೂರುತ್ತದೆ. ಬೆಂಗಳೂರಿನಲ್ಲಿ ಉಳಿದಿರುವ ಅಂಬಾಸಿಡರ್, ಹೆರಾಲ್ಡುಗಳಿಗೆ ಇದಕ್ಕಿಂತ ಉಪಕಾರಿಯಾದ ಕೆಲಸ ಇನ್ನೊಂದಿಲ್ಲ.

ಗ್ಯಾಸ್ಕೆಟ್ಟೂ ಬದಲಾಯಿತು. ತಾಮ್ರದ ಹಾಳೆಗಳ ನಡುವೆ ಕಲ್ನಾರು ತುಂಬಿದ ಹಳೆಯ ಗ್ಯಾಸ್ಕೆಟ್ ಸಣ್ಣಪುಟ್ಟ ಏರುತಗ್ಗನ್ನು ತುಂಬಿಕೊಳ್ಳುತ್ತಿತ್ತು. ಅದನ್ನು ಕೆರೆಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ವಿಷ. ಹಳೆಯ ಎಂಜಿನ್ ಬಿಚ್ಚುವವರು ಇಂದಿಗೂ ಅದನ್ನು ಒಣಗಿದ್ದಾಗ ಕೆರೆಯಬಾರದು. ನಂತರ ಬಂದ ಗ್ರ್ಯಾಫೈಟ್, ಪದರಪದರದ ಉಕ್ಕಿನ ಗ್ಯಾಸ್ಕೆಟ್ಟುಗಳು ಹೆಚ್ಚು ನುಣುಪಾದ ಮುಖ ಕೇಳುತ್ತವೆ. ಹೀಗಾಗಿ ಫೇಸಿಂಗ್ ಯಂತ್ರದ ಗುಣಮಟ್ಟವೇ ಅಂಗಡಿಯ ಗುಣಮಟ್ಟವಾಯಿತು. ನೀರಿನ ತೂತುಗಳನ್ನೆಲ್ಲ ರಬ್ಬರಿಟ್ಟು ಮುಚ್ಚಿ, ಒಳಗೆ ಗಾಳಿ ತುಂಬಿ, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುವ ಪ್ರೆಷರ್ ಟೆಸ್ಟ್, ಸೀಮೆಸುಣ್ಣದ ಪರೀಕ್ಷೆಯ ಜಾಗ ಹಿಡಿಯಿತು.

ಹಳೆಯ ಕಾರುಗಳ ನಿಯಮಗಳೂ ಬದಲಾದವು. 2022ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 600 ರೂಪಾಯಿಯಿಂದ 5000 ರೂಪಾಯಿಗೆ ಏರಿತು. ಅದಕ್ಕೂ ಮುನ್ನ, 2021ರಲ್ಲಿ, 50 ವರ್ಷ ಮೀರಿದ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿ ಬಂದಿತ್ತು. ಹಳೆಯ ಕಾರು ಇಟ್ಟುಕೊಳ್ಳುವುದು ಅನಿವಾರ್ಯವಾಗಿದ್ದ ಕಾಲ ಹೋಗಿ, ಅದು ಆಯ್ಕೆಯಾದ ಕಾಲ ಇದು. ಅಂಥವರ ಹೆಡ್ಡುಗಳು ಈಗಲೂ ಜಯನಗರ, ಬನಶಂಕರಿಯ ಗ್ಯಾರೇಜುಗಳಿಂದ ಲೇತ್ ಅಂಗಡಿಗಳಿಗೆ ಹೋಗಿಬರುತ್ತವೆ. ಹಿಂತಿರುಗಿದ ಹೆಡ್ಡನ್ನು ನಡುವಿನ ಬೋಲ್ಟಿನಿಂದ ಹೊರಗಿನವಕ್ಕೆ, ಹಂತಹಂತವಾಗಿ, ಟಾರ್ಕ್ ರೆಂಚಿನ ಅಳತೆಗೆ ಬಿಗಿಯಬೇಕು. ರೇಡಿಯೇಟರ್ ತೊಳೆಸಿ, ಥರ್ಮೋಸ್ಟಾಟ್ ಮತ್ತು ಮುಚ್ಚಳ ಹೊಸದು ಹಾಕಿ, ಕೊಳವೆಬಾವಿ ನೀರಿನ ಬದಲು ಕೂಲಂಟ್ ತುಂಬಬೇಕು. ಎಂಜಿನ್ ಕಾದದ್ದೇಕೆ ಎಂದು ಹುಡುಕದೆ ಕೂರಿಸಿದ ಹೆಡ್ಡು, ಎಷ್ಟೇ ಚೆನ್ನಾಗಿ ಬೆಸೆದಿದ್ದರೂ, ಮತ್ತೆ ಅದೇ ಲೇತಿಗೆ ಬರುತ್ತದೆ.