ವಯಸ್ಸಾದ ವಿಮಾನ, ಕುಸಿದ ಸೀಟು

2025ರ ಫೆಬ್ರವರಿಯಲ್ಲಿ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಭೋಪಾಲ್‌ನಿಂದ ದೆಹಲಿಗೆ ಏರ್ ಇಂಡಿಯಾ ವಿಮಾನ ಹತ್ತಿದರು. ಅವರಿಗೆ ಸಿಕ್ಕ 8ಸಿ ಸೀಟು ಮುರಿದು ಒಳಕ್ಕೆ ಕುಸಿದಿತ್ತು. ಈ ಸೀಟಿನ ಟಿಕೆಟ್ ಮಾರಬೇಡಿ ಎಂದು ಆಡಳಿತಕ್ಕೆ ಮೊದಲೇ ತಿಳಿಸಿದ್ದೆವು ಎಂದರಂತೆ ಸಿಬ್ಬಂದಿ. ಸಚಿವರು ಎಕ್ಸ್‌ನಲ್ಲಿ ಬರೆದರು, ಕಂಪನಿ ಕ್ಷಮೆ ಕೇಳಿತು, ನಾಗರಿಕ ವಿಮಾನಯಾನ ನಿಯಂತ್ರಕ ಡಿಜಿಸಿಎ ವರದಿ ಕೇಳಿತು. ಸಾಮಾನ್ಯ ಪ್ರಯಾಣಿಕರು ಇದೇ ದೂರನ್ನು ವರ್ಷಗಟ್ಟಲೆ ಹೇಳುತ್ತಲೇ ಬಂದಿದ್ದರು. ಅವರ ಪಾಲಿಗೆ ಬರುತ್ತಿದ್ದದ್ದು ವಿಷಾದದ ಇಮೇಲ್ ಮಾತ್ರ.

ಮುರಿದ ಸೀಟು ಕಂಡರೆ ನಮಗೆ ಹೆದರಿಕೆಯಾಗುವುದು ಸೀಟಿನ ಬಗ್ಗೆ ಅಲ್ಲ. ಕಣ್ಣಿಗೆ ಕಾಣುವುದನ್ನೇ ಹೀಗಿಟ್ಟವರು ಕಾಣದ ಎಂಜಿನನ್ನು ಹೇಗಿಟ್ಟಿರಬಹುದು ಎನ್ನುವ ಅನುಮಾನ ಅದು. ಸಹಜವಾದ ಅನುಮಾನವೇ. ಆದರೆ ವಿಮಾನದ ಮುಪ್ಪನ್ನು ಜಗತ್ತು ಅರಿತುಕೊಂಡ ಕಥೆ ನೋಡಿದರೆ ಮೈಗೊಂದು ನ್ಯಾಯ, ಒಳಗಿನ ಕೋಣೆಗೊಂದು ನ್ಯಾಯ ಆಗಿರುವುದು ಗೊತ್ತಾಗುತ್ತದೆ.

ಮೊದಲ ಪಾಠ ಕಲಿಸಿದ್ದು ಬ್ರಿಟನ್ನಿನ ಕಾಮೆಟ್. 1952ರಲ್ಲಿ ಸೇವೆಗಿಳಿದ ಈ ಮೊದಲ ಪ್ರಯಾಣಿಕ ಜೆಟ್, 1954ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಎರಡು ಬಾರಿ ಇಟಲಿಯ ಸಮುದ್ರದ ಮೇಲೆ ಗಾಳಿಯಲ್ಲೇ ಒಡೆದುಹೋಯಿತು. ಬ್ರಿಟನ್ನಿನ ಫಾರ್ನ್‌ಬರೋ ವಿಮಾನ ಸಂಶೋಧನಾ ಕೇಂದ್ರದ ತಂತ್ರಜ್ಞರು ಇನ್ನೊಂದು ಕಾಮೆಟ್‌ನ ಮೈಯನ್ನು ನೀರಿನ ತೊಟ್ಟಿಯಲ್ಲಿಟ್ಟು ಮತ್ತೆ ಮತ್ತೆ ಒತ್ತಡ ಕೊಟ್ಟು, ಇಳಿಸಿ ನೋಡಿದರು. ಮೂರು ಸಾವಿರ ಚಿಲ್ಲರೆ ಆವರ್ತನೆಗಳಾಗುವಷ್ಟರಲ್ಲಿ ಲೋಹ ದಣಿದು ಬಿರಿಯಿತು. ವಿಮಾನ ಮೇಲೇರಿದಾಗಲೆಲ್ಲ ಒಳಗಿನ ಗಾಳಿಯ ಒತ್ತಡಕ್ಕೆ ಅದರ ಮೈ ಕೊಂಚ ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಹಾಗಾಗಿ ಅದರ ವಯಸ್ಸನ್ನು ವರ್ಷದಲ್ಲಿ ಅಳೆಯುವುದಕ್ಕಿಂತ ಹಾರಾಟಗಳ ಸಂಖ್ಯೆಯಲ್ಲಿ ಅಳೆಯುವುದು ಸರಿ.

ಈ ಲೆಕ್ಕ ಎಷ್ಟು ನಿಜವೆಂದು ತೋರಿಸಿದ್ದು 1988ರ ಏಪ್ರಿಲ್ 28. ಹವಾಯಿ ದ್ವೀಪಗಳಲ್ಲಿ ಹೀಲೋದಿಂದ ಹೊನೊಲುಲುವಿಗೆ ಹೊರಟ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737, 24,000 ಅಡಿ ಎತ್ತರದಲ್ಲಿದ್ದಾಗ ಅದರ ಮುಂಭಾಗದ ಚಾವಣಿಯೇ ಕಿತ್ತುಹೋಯಿತು. ಗಗನಸಖಿಯೊಬ್ಬರು ಹೊರಗೆ ಎಸೆಯಲ್ಪಟ್ಟು ಸತ್ತರು. ಬೆಲ್ಟ್ ಕಟ್ಟಿಕೊಂಡಿದ್ದ ಪ್ರಯಾಣಿಕರು ತೆರೆದ ಆಕಾಶದ ಕೆಳಗೆ ಕುಳಿತೇ ಮಾವಿ ದ್ವೀಪ ತಲುಪಿ ಬದುಕಿಕೊಂಡರು. ಆ ವಿಮಾನಕ್ಕೆ ವಯಸ್ಸು 19, ಆದರೆ ಅದು ಮಾಡಿದ್ದ ಹಾರಾಟ 89,680. ಅದನ್ನು ರೂಪಿಸಿದ್ದು 75,000ಕ್ಕೆ. ದಿನಕ್ಕೆ ಎರಡೇ ಸಲ ಹಾರುವ ದೂರಪ್ರಯಾಣದ ವಿಮಾನ ಅಷ್ಟೇ ವರ್ಷಗಳಲ್ಲಿ ಹದಿನಾಲ್ಕು ಸಾವಿರವನ್ನೂ ಮುಟ್ಟುವುದಿಲ್ಲ. ದ್ವೀಪದಿಂದ ದ್ವೀಪಕ್ಕೆ ಜಿಗಿಯುತ್ತಿದ್ದ ಅಲೋಹಾದ ವಿಮಾನಕ್ಕೆ ಸಮುದ್ರದ ಉಪ್ಪುಗಾಳಿಯೂ ಸೇರಿಕೊಂಡಿತ್ತು. ಒಳಗೆ ಹತ್ತುವಾಗಲೇ ಬಾಗಿಲ ಬಳಿ ಬಿರುಕು ಕಂಡ ಪ್ರಯಾಣಿಕರೊಬ್ಬರು ಯಾರಿಗೂ ಹೇಳದೆ ಹೋಗಿ ಕುಳಿತಿದ್ದರು ಎನ್ನುವುದು ಆಮೇಲೆ ಬೆಳಕಿಗೆ ಬಂತು.

1991ರಲ್ಲಿ ಅಮೆರಿಕದ ಕಾಂಗ್ರೆಸ್ ಹಳೆಯ ವಿಮಾನಗಳ ಸುರಕ್ಷತೆಗೆಂದೇ ಕಾಯ್ದೆ ಮಾಡಿತು. ಇಂಥ ಮಾದರಿ ಇಷ್ಟು ಹಾರಾಟದ ಆಚೆ ಹಾರಬಾರದು ಎಂದು ಗಡಿ ಗೊತ್ತುಮಾಡುವ ನಿಯಮ 2010ರಲ್ಲಿ ಬಂತು. ಭಾರತದಲ್ಲೂ 15 ವರ್ಷ ದಾಟಿದ ಪ್ರಯಾಣಿಕ ವಿಮಾನಗಳನ್ನು ತರಿಸಿಕೊಳ್ಳಲು ನಿರ್ಬಂಧವಿತ್ತು, ಮುಂದೆ ಅದನ್ನು 18ಕ್ಕೆ ಸಡಿಲಿಸಿದರು.

ಆದರೆ ತಪ್ಪು ಯಾವಾಗಲೂ ವಯಸ್ಸಿನದೇ ಅಲ್ಲ. 2000ದ ಜುಲೈನಲ್ಲಿ ಪಟ್ನಾದಲ್ಲಿ ಅಲಯನ್ಸ್ ಏರ್‌ನ ಹಳೆಯ 737 ಮನೆಗಳ ಮೇಲೆ ಬಿದ್ದು 60 ಮಂದಿ ಸತ್ತಾಗ ದೇಶವೆಲ್ಲ ವಿಮಾನದ ವಯಸ್ಸನ್ನೇ ಬೈದಿತು. ತನಿಖೆ ಬೊಟ್ಟು ಮಾಡಿದ್ದು ಪೈಲಟ್‌ಗಳ ತಪ್ಪಿನ ಕಡೆಗೆ. 2025ರ ಜೂನ್‌ನ ಅಹಮದಾಬಾದ್ ವಿಮಾನ ದುರಂತದ ಬಳಿಕವೂ ಹೀಗೇ ಆಯಿತು. ಅದೇ ವಿಮಾನದಲ್ಲಿ ಸ್ವಲ್ಪ ಹೊತ್ತಿನ ಮುಂಚೆ ಪ್ರಯಾಣಿಸಿದ್ದವರು ಎಸಿ, ಸ್ಕ್ರೀನ್ ಕೆಲಸ ಮಾಡುತ್ತಿರಲಿಲ್ಲ ಎಂದು ಹಾಕಿದ ವಿಡಿಯೊ ಮನೆಮನೆ ತಲುಪಿತು. ಪ್ರಾಥಮಿಕ ವರದಿ ಮಾತಾಡಿದ್ದು ಎಂಜಿನ್‌ಗೆ ಇಂಧನ ಬಿಡುವ ಸ್ವಿಚ್‌ಗಳ ಬಗ್ಗೆ.

ಹಾಗಾದರೆ ಕ್ಯಾಬಿನ್ನಿಗೆ ನಿಯಮವೇ ಇಲ್ಲವೇ? ಇದೆ, ಆದರೆ ಸಾವಿನ ಲೆಕ್ಕದಷ್ಟೇ ಇದೆ. 1983ರಲ್ಲಿ ಏರ್ ಕೆನಡಾ ವಿಮಾನದ ಶೌಚಾಲಯದ ಬಳಿ ಹೊತ್ತಿದ ಬೆಂಕಿಗೆ 23 ಜನ ಬಲಿಯಾದ ಮೇಲೆ ಹೊಗೆ ಪತ್ತೆ ಮಾಡುವ ಸಾಧನ, ನೆಲದುದ್ದಕ್ಕೂ ದಾರಿದೀಪ, ಸೀಟಿನ ಫೋಮ್‌ಗೆ ಬೆಂಕಿ ತಡೆಯುವ ಪದರ ಎಲ್ಲವೂ ಕಡ್ಡಾಯವಾದವು. ಒಳಾಂಗಣವನ್ನು ಹೊಸದು ಮಾಡುವುದೂ ಅಪಾಯಕ್ಕೆ ದಾರಿಯಾಗಬಹುದು ಎಂದು ಕಲಿಸಿದ್ದು 1998ರ ಸ್ವಿಸ್‌ಏರ್ 111. ಪ್ರಯಾಣಿಕರ ಮನರಂಜನೆಗೆಂದು ಆಮೇಲೆ ಅಳವಡಿಸಿದ ಪರದೆಗಳ ತಂತಿಯ ಮೇಲೆ ತನಿಖೆಯ ಕಣ್ಣು ಬಿತ್ತು. ಆ ಬೆಂಕಿಗೆ 229 ಮಂದಿ ಹೋದರು. ಹಾಗಾಗಿ ಈಗ ಸೀಟು, ಸ್ಕ್ರೀನ್ ಬದಲಿಸಲು ಹೊರಟವರಿಗೆ ಪರೀಕ್ಷೆ, ಪ್ರಮಾಣಪತ್ರ ಎಂದು ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಗೆ ಹಿಡಿಯಲೇಬೇಕು.

ಒಂದು ಸೀಟನ್ನೇ ಹತ್ತಿರದಿಂದ ನೋಡಿ. ಬೆನ್ನು ಹಿಂದಕ್ಕೆ ವಾಲುವುದನ್ನು ಹಿಡಿದಿಡುವುದು ಕೈಯೊರಗಿನ ಕೆಳಗೆ ಅಡಗಿರುವ ಸಣ್ಣ ಸಿಲಿಂಡರ್. ಗುಂಡಿ ಒತ್ತಿದಾಗ ಕೇಬಲ್ ಎಳೆದು ಅದರ ಬೀಗ ಬಿಡುತ್ತದೆ. ಅದು ಸವೆದರೆ ಸೀಟಿನ ಬೆನ್ನು ಹಿಂದಿನವರ ಮಡಿಲಿಗೆ ಬೀಳುತ್ತದೆ. ಊರಿನ ಟೈಲರ್ ಹತ್ತಿರ ಹೊಸ ಕವರ್ ಹೊಲಿಸಿ ತರುವ ಹಾಗಿಲ್ಲ, ಬಟ್ಟೆ, ಫೋಮ್, ಪಟ್ಟಿ ಎಲ್ಲವೂ ಬೆಂಕಿಯ ಪರೀಕ್ಷೆ ಪಾಸಾಗಿರಬೇಕು. ಬಿಡಿಭಾಗ ಇಲ್ಲದಿದ್ದರೆ ಸೀಟಿಗೆ ‘ಬಳಸಬೇಡಿ’ ಎಂಬ ಪಟ್ಟಿ ಕಟ್ಟಿ ವಿಮಾನ ಹಾರಿಸಬಹುದು. ಕಾನೂನು ಅದಕ್ಕೆ ಅವಕಾಶ ಕೊಡುತ್ತದೆ. ಇನ್ನು ಅಡುಗೆ ಮನೆಯ ಕಟ್ಟೆ, ಶೌಚಾಲಯಗಳ ಕೆಳಗೆ ಸೋರಿದ ನೀರು, ಚೆಲ್ಲಿದ ಕಾಫಿ ನೆಲದ ಲೋಹವನ್ನು ತಿನ್ನುತ್ತವೆ. ಆರರಿಂದ ಹತ್ತು ವರ್ಷಕ್ಕೊಮ್ಮೆ ಮಾಡುವ ಡಿ-ಚೆಕ್‌ನಲ್ಲಿ ಎಲ್ಲ ಕಳಚಿ ನೋಡುವುದು ಇದಕ್ಕೇ. ಒಳಗಿನ ಕೊಳಕು ಬರೀ ಕೊಳಕಾಗಿ ಉಳಿಯುವುದಿಲ್ಲ.

ಸುಖದ ವಿಚಾರಕ್ಕೆ ಬಂದರೆ ಮಾತ್ರ ಎಲ್ಲ ಸರ್ಕಾರಗಳೂ ಕೈಕಟ್ಟಿ ಕುಳಿತಿವೆ. ಸೀಟಿನ ಕನಿಷ್ಠ ಅಳತೆ ನಿಗದಿ ಮಾಡಿ ಎಂದು ಅಮೆರಿಕದ ಕಾಂಗ್ರೆಸ್ 2018ರಲ್ಲೇ ಹೇಳಿತು. ಸಾರ್ವಜನಿಕರ ಅಭಿಪ್ರಾಯ ಕೇಳುವಷ್ಟಕ್ಕೇ ನಾಲ್ಕು ವರ್ಷ ಹಿಡಿಯಿತು. ಹಾಗಾಗಿ ಕ್ಯಾಬಿನ್ ಹೇಗಿರಬೇಕು ಎನ್ನುವುದು ಮಾಲೀಕರ ಮನಸ್ಸು, ಜೇಬುಗಳಿಗೆ ಬಿಟ್ಟದ್ದು.

ಇದಕ್ಕೆ ಏರ್ ಇಂಡಿಯಾಗಿಂತ ದೊಡ್ಡ ಸಾಕ್ಷಿ ಬೇಡ. ಕಂಪನಿಯ ಸ್ಥಾಪಕ ಜೆ.ಆರ್.ಡಿ. ಟಾಟಾ ತಾವು ಪ್ರಯಾಣ ಮಾಡಿದಾಗಲೆಲ್ಲ ಪರದೆ, ಕುರ್ಚಿ, ಕೊಟ್ಟ ಚಹಾ ಎಲ್ಲದರ ಬಗ್ಗೆ ಟಿಪ್ಪಣಿ ಬರೆದು ಕಚೇರಿಗೆ ಕಳಿಸುತ್ತಿದ್ದರು. 1971ರಲ್ಲಿ ಬಂದ ಜಂಬೊ ಜೆಟ್‌ನ ಕಿಟಕಿಗಳಿಗೆ ಝರೋಕಾದ ಚಿತ್ತಾರ ಬಳಿದು ‘ಆಕಾಶದ ಅರಮನೆ’ ಎಂದು ಕರೆದರು. 2007ರ ಹೊತ್ತಿಗೆ ಹೊಸ 777, 2012ರಿಂದ 787 ಬಂದವು, ಆದರೆ ಸಾಲದ ಹೊರೆಯಲ್ಲಿ ಅವುಗಳ ಒಳಾಂಗಣಕ್ಕೆ ದುಡ್ಡು ಹಾಕುವವರಿರಲಿಲ್ಲ. ಬಿಡಿಭಾಗವಿಲ್ಲದೆ ಎಷ್ಟೋ ವಿಮಾನಗಳು ನೆಲದಲ್ಲೇ ನಿಂತವು. ವಿಮಾನ ಹಾರಿಸಲು ಬೇಕಾದ್ದಕ್ಕೆ ಹಣ ಹೊಂದಿಸಿದರು, ಸೀಟಿನ ಸರದಿ ಬರಲೇ ಇಲ್ಲ.

2022ರ ಜನವರಿಯಲ್ಲಿ, ಅಲ್ಲಿಯವರೆಗೆ ಸರ್ಕಾರದ ಕೈಯಲ್ಲಿದ್ದ ಕಂಪನಿ ಮತ್ತೆ ಟಾಟಾ ಕೈಗೆ ಬಂತು. ಅದೇ ಡಿಸೆಂಬರ್‌ನಲ್ಲಿ 40 ದೊಡ್ಡ ವಿಮಾನಗಳ ಒಳಾಂಗಣ ಬದಲಿಸಲು 40 ಕೋಟಿ ಡಾಲರ್ ಘೋಷಿಸಿದರು. ಘೋಷಣೆಯೇನೋ ಆಯಿತು, ಸೀಟು ಬರಬೇಕಲ್ಲ! ಪ್ರಮಾಣಪತ್ರವಿರುವ ತಯಾರಕರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು, ಕೋವಿಡ್ ನಂತರ ಅವರ ಬಾಗಿಲಲ್ಲಿ ದೊಡ್ಡ ಸರದಿ. 2024ರ ಸೆಪ್ಟೆಂಬರ್‌ನಲ್ಲಿ ಸಣ್ಣ ಎ320ಗಳಿಂದ ಕೆಲಸ ಶುರುವಾಯಿತು. ಮೊದಲ ಹಳೆಯ 787 ಕ್ಯಾಲಿಫೋರ್ನಿಯಾದ ಹ್ಯಾಂಗರ್‌ಗೆ ಹೋದದ್ದು 2025ರ ಜುಲೈನಲ್ಲಿ.

ಸಾಹುಕಾರ ಕಂಪನಿಗಳಿಗೂ ಹೊಸ ವಿಮಾನ ಬೇಗ ಸಿಗುತ್ತಿಲ್ಲ. 2020ಕ್ಕೆ ಕೊಡುತ್ತೇವೆಂದ 777ಎಕ್ಸ್ ಅನ್ನು ಬೋಯಿಂಗ್ 2027ಕ್ಕೆ ತಳ್ಳಿದೆ. ಎ380 ತಯಾರಿಕೆ 2021ರಲ್ಲೇ ನಿಂತಿತು. ಬೆಂಗಳೂರಿಗೂ ಎ380 ಹಾರಿಸುವ ಎಮಿರೇಟ್ಸ್ ಇದನ್ನು ಬೇಗ ಅರ್ಥಮಾಡಿಕೊಂಡು 2022ರಿಂದ ದುಬೈನ ತನ್ನ ಹ್ಯಾಂಗರ್‌ನಲ್ಲೇ ಹಳೆಯವುಗಳ ಒಳಗನ್ನು ಹೊಸದು ಮಾಡುತ್ತಿದೆ. ಮೊದಲು 120 ಎಂದಿದ್ದ ಪಟ್ಟಿ ಈಗ 200 ದಾಟಿದೆ. ನಮ್ಮಲ್ಲೂ ವಿಮಾನದ ಕೆಲಸ ನಡೆಯುತ್ತಿದೆ: ಎಚ್‌ಎಎಲ್ ಬೆಂಗಳೂರಿನಲ್ಲಿ ಎ320ರ ಬಾಗಿಲು ಮಾಡುತ್ತದೆ, ಬೆಳಗಾವಿಯಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ, ಕೆಂಪೇಗೌಡ ನಿಲ್ದಾಣದಲ್ಲಿ ಏರ್ ಇಂಡಿಯಾ ದೊಡ್ಡ ದುರಸ್ತಿ ಕೇಂದ್ರಕ್ಕೆ ಕೈಹಾಕಿದೆ. ಸೀಟಿಗೆ ಮಾತ್ರ ನಾವಿನ್ನೂ ಬಹುಮಟ್ಟಿಗೆ ಹೊರದೇಶದ ಕಡೆ ನೋಡಬೇಕು.

ನಿಮ್ಮ ಸೀಟು ಮುರಿದಿದ್ದರೆ ಫೋಟೊ ಹಾಕಿ ಸುಮ್ಮನಾಗಬೇಡಿ. ಪ್ರತಿ ವಿಮಾನದಲ್ಲೂ ಕ್ಯಾಬಿನ್ ದೋಷ ಬರೆಯುವ ಲಾಗ್ ಪುಸ್ತಕ ಇರುತ್ತದೆ. ಅದರಲ್ಲಿ ನಮೂದಿಸಿ ಎಂದು ಸಿಬ್ಬಂದಿಗೆ ಹೇಳಿ. ಇಳಿದ ಮೇಲೆ ಸೀಟಿನ ನಂಬರಿನ ಜೊತೆ, ವಿಮಾನದ ಮೈಮೇಲೆ ‘ವಿಟಿ’ ಎಂದು ಶುರುವಾಗುವ ನೋಂದಣಿ ಸಂಖ್ಯೆಯನ್ನೂ ಸೇರಿಸಿ ಸರ್ಕಾರದ ಏರ್‌ಸೇವಾ ಜಾಲತಾಣದಲ್ಲಿ ದೂರು ಕೊಡಿ.